ಕಟ್ಟು ಹಾಕುವ ಅಂಗಡಿ ಕಲಾ ಗ್ಯಾಲರಿ ಆದದ್ದು ಹೇಗೆ?

2025ರ ಮಾರ್ಚ್‌ನಲ್ಲಿ ಎಂ.ಎಫ್. ಹುಸೇನ್ ಅವರ ‘ಗ್ರಾಮ ಯಾತ್ರಾ’ ಚಿತ್ರ ನ್ಯೂಯಾರ್ಕ್‌ನ ಕ್ರಿಸ್ಟೀಸ್ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸುಮಾರು 118 ಕೋಟಿ ರೂಪಾಯಿ. ಹುಸೇನ್ ಅದನ್ನು ಬರೆದದ್ದು 1954ರಲ್ಲಿ. ಅದೇ ವರ್ಷ ದೆಹಲಿಯಲ್ಲಿದ್ದ ಒಬ್ಬ ವಿದೇಶಿ ವೈದ್ಯರು ಅದನ್ನು ಕೊಂಡು ನಾರ್ವೆಗೆ ಒಯ್ದರು. ಮುಂದೆ ಅದು ಆಸ್ಲೋದ ಆಸ್ಪತ್ರೆಗೆ ಸೇರಿತು. ಈಗ ಮಾರಿದ್ದೂ ಆ ಆಸ್ಪತ್ರೆಯೇ.

ಸುದ್ದಿ ಬಂದಾಗ ಸುತ್ತಲಿನವರು ಕೇಳಿದ್ದು ಬಹಳ ಸರಳವಾದ ಪ್ರಶ್ನೆಗಳು. ಒಂದು ಬಟ್ಟೆಯ ಮೇಲಿನ ಬಣ್ಣಕ್ಕೆ ಇಷ್ಟು ಬೆಲೆ ಹೇಗೆ ಬಂತು? ಬೆಲೆ ಕಟ್ಟಿದವರು ಯಾರು? ಹಣ ಯಾರಿಗೆ ಹೋಯಿತು? ಇದಕ್ಕೆಲ್ಲ ಉತ್ತರ ಹರಾಜಿನ ಕೋಣೆಯಲ್ಲಿ ಸಿಗುವುದಿಲ್ಲ. ಹೆಸರಿಲ್ಲದ ಚಿತ್ರಕಾರರ ಚಿತ್ರಗಳನ್ನು ಮೊದಲು ಗೋಡೆಗೆ ಹಾಕಿ, ಕೊಳ್ಳುವವರಿಗೆ ಕಾದು ಕೂತವರನ್ನು ಕೇಳಬೇಕು. ಅವರು ಗ್ಯಾಲರಿಯವರು. ಅದರಲ್ಲೂ ಅಪ್ಪ ಅಮ್ಮ ಶುರು ಮಾಡಿ ಮಕ್ಕಳು ಮುಂದುವರಿಸಿದ ಗ್ಯಾಲರಿಗಳು ಜಾಸ್ತಿ. ಅಂಥ ಎರಡು ಮನೆತನಗಳ ಕಥೆ ಇಲ್ಲಿದೆ. ಒಂದು ಪ್ಯಾರಿಸ್ಸಿನದು, ಇನ್ನೊಂದು ಚಿತ್ರಕ್ಕೆ ಕಟ್ಟು, ಅಂದರೆ ಚೌಕಟ್ಟು, ಹಾಕುತ್ತಿದ್ದ ಮುಂಬೈಯದು.

ಗ್ಯಾಲರಿ ಯಾವುದು, ಹರಾಜು ಯಾವುದು

ಮೊದಲು ಹೆಸರುಗಳನ್ನು ಬಿಡಿಸಿಕೊಳ್ಳೋಣ. ಮ್ಯೂಸಿಯಂನಲ್ಲಿ ಚಿತ್ರ ನೋಡಬಹುದು, ಕೊಳ್ಳಲಾಗದು. ಹರಾಜು ಸಂಸ್ಥೆ ಬಹುತೇಕ ಆಗಲೇ ಯಾರದೋ ಕೈಯಲ್ಲಿರುವ ಚಿತ್ರವನ್ನು ಮಾರಿಕೊಡುತ್ತದೆ. ಇದಕ್ಕೆ ಎರಡನೇ ಮಾರುಕಟ್ಟೆ ಅನ್ನುತ್ತಾರೆ. ಹಳೇ ಕಾರು ಮಾರುವ ಹಾಗೆ. ಹಳೇ ಕಾರು ಮಾರಿದ ಹಣ ಕಂಪನಿಗೆ ಹೋಗುವುದಿಲ್ಲ, ಮಾಲೀಕನಿಗೆ ಹೋಗುತ್ತದೆ, ಅಲ್ವಾ? ಚಿತ್ರದ ಹರಾಜಿನಲ್ಲೂ ಹಾಗೆಯೇ. ಆ 118 ಕೋಟಿಯೂ ಮಾರಿದವರಿಗೆ ಮತ್ತು ಹರಾಜು ಸಂಸ್ಥೆಗೆ ಸೇರಿದ ಹಣ.

ಗ್ಯಾಲರಿ ಮಾಡುವುದು ಮೊದಲ ಮಾರುಕಟ್ಟೆಯ ಕೆಲಸ. ಚಿತ್ರ ಕಲಾವಿದರ ಮನೆಯಿಂದ ನೇರ ಇಲ್ಲಿಗೆ ಬರುತ್ತದೆ. ಮಾರಾಟವಾದರೆ ಹಣದ ಒಂದು ಪಾಲು ಕಲಾವಿದರಿಗೆ, ಇನ್ನೊಂದು ಪಾಲು ಗ್ಯಾಲರಿಗೆ.

ಇನ್ನೊಂದು ಬಗೆಯೂ ಇದೆ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ 2004ರಲ್ಲಿ ಶುರುವಾದ ಚಿತ್ರಸಂತೆಯನ್ನು ನೀವು ನೋಡಿರಬಹುದು. ಅಲ್ಲಿ ಬರೆದವರೇ ರಸ್ತೆ ಬದಿ ಕೂತು ಮಾರುತ್ತಾರೆ. ಮಧ್ಯೆ ಯಾರೂ ಇಲ್ಲ. ಬೆಲೆ ಮಾತಾಡಿ ಕೊಂಡು ಹೋಗಬಹುದು. ಸಂಜೆಗೆ ಸಂತೆ ಮುಗಿಯುತ್ತದೆ. ಮಾರನೇ ದಿನದಿಂದ ಆ ಕಲಾವಿದರ ಕೆಲಸವನ್ನು ನಾಲ್ಕು ಜನರಿಗೆ ತೋರಿಸುವವರು ಯಾರು? ಉಳಿದ 364 ದಿನಗಳ ಆ ಕೆಲಸವೇ ಗ್ಯಾಲರಿಯದು.

ಅಡಿಕೆ ಮಂಡಿಯ ಲೆಕ್ಕದಲ್ಲಿ ನೋಡಿದರೆ

ಗ್ಯಾಲರಿ ವ್ಯಾಪಾರ ಅರ್ಥವಾಗಬೇಕಾದರೆ ಶಿವಮೊಗ್ಗ, ಶಿರಸಿ ಕಡೆಯ ಅಡಿಕೆ ವ್ಯವಹಾರ ನೆನೆಸಿಕೊಂಡರೆ ಸಾಕು.

ಬೆಳೆಗಾರ ಅಡಿಕೆ ಮೂಟೆಗಳನ್ನು ಮಂಡಿಯಲ್ಲಿ ಇಡುತ್ತಾನೆ. ಮಾಲು ಅವನದೇ. ಮಾರಿದ ಮೇಲೆ ಮಂಡಿಯವರು ತಮ್ಮ ಕಮಿಷನ್ ಹಿಡಿದು ಉಳಿದದ್ದು ಕೊಡುತ್ತಾರೆ. ಬಹುಪಾಲು ಗ್ಯಾಲರಿಗಳು ಇದೇ ರೀತಿ ನಡೆಯುತ್ತವೆ. ಚಿತ್ರ ಕಲಾವಿದರದೇ, ಗೋಡೆ ಗ್ಯಾಲರಿಯದು. ಕಮಿಷನ್ ಮಾತ್ರ ಮಂಡಿಗಿಂತ ಬಹಳ ದೊಡ್ಡದು. ಇವತ್ತು ಅದು ಬೆಲೆಯ ಅರ್ಧದವರೆಗೂ ಹೋಗುತ್ತದೆ. ಕೇಳಿದ ತಕ್ಷಣ ಇದು ಅನ್ಯಾಯ ಅನ್ನಿಸಬಹುದು. ಆದರೆ ಜಾಗದ ಬಾಡಿಗೆ, ದೀಪ, ಕಟ್ಟು, ವಿಮೆ, ಸಾಗಣೆ, ಕ್ಯಾಟಲಾಗ್ ಇವುಗಳ ಖರ್ಚೆಲ್ಲ ಬಹುತೇಕ ಗ್ಯಾಲರಿಯ ಮೇಲೇ ಬೀಳುತ್ತದೆ. ಪ್ರದರ್ಶನದಲ್ಲಿ ಒಂದೂ ಮಾರಾಟವಾಗದೆ ಇದ್ದರೂ ಆ ಖರ್ಚು ತಪ್ಪುವುದಿಲ್ಲ.

ಮಲೆನಾಡಿನಲ್ಲಿ ‘ಚೇಣಿ’ ಎಂಬ ಪದ್ಧತಿಯೂ ಇದೆ. ಅಡಿಕೆ ಕೊನೆ ಇನ್ನೂ ಮರದ ಮೇಲೆ ಇರುವಾಗಲೇ ಇಡೀ ತೋಟದ ಫಸಲನ್ನು ಒಬ್ಬರಿಗೆ ಒಪ್ಪಿಸಿ ಮುಂಗಡ ತೆಗೆದುಕೊಳ್ಳುವುದು. ಆಮೇಲೆ ಆ ಫಸಲನ್ನು ಬೇರೆಯವರಿಗೆ ಮಾರುವಂತಿಲ್ಲ. ಕಲೆಯ ವ್ಯಾಪಾರದಲ್ಲೂ ಇದಿದೆ. ಕಲಾವಿದರಿಗೆ ತಿಂಗಳು ತಿಂಗಳು ಹಣ ಕೊಟ್ಟು, ಮುಂದೆ ಬರೆಯುವುದನ್ನೆಲ್ಲ ತಾನೇ ಮಾರುವ ಹಕ್ಕು ಪಡೆಯುವುದು. ಈ ಪದ್ಧತಿಯನ್ನು ದೊಡ್ಡ ಮಟ್ಟದಲ್ಲಿ ನಡೆಸಿ ತೋರಿಸಿದ್ದು ಪ್ಯಾರಿಸ್ಸಿನ ಒಂದು ಕಾಗದದಂಗಡಿಯ ಮನೆತನ.

ಪ್ಯಾರಿಸ್ಸಿನ ಕಾಗದದಂಗಡಿ

ಡ್ಯುರಾಂ ಮತ್ತು ರುಯೆಲ್ ಎರಡು ಮನೆಗಳ ಹೆಸರು. ರುಯೆಲ್ ಮನೆಯ ಮಗಳಿಗೆ ಕಾಗದ, ಲೇಖನ ಸಾಮಗ್ರಿಯ ಅಂಗಡಿ ಬಂದಿತ್ತು. ಗಂಡ ಡ್ಯುರಾಂ ಜೊತೆ ಸೇರಿ ನಡೆಸಿದರು. ಅಲ್ಲಿ ಬಣ್ಣ, ಕುಂಚ, ಚಿತ್ರಕ್ಕೆ ಬೇಕಾದ ಬಟ್ಟೆಯನ್ನೂ ಮಾರುತ್ತಿದ್ದರು. ಬಣ್ಣ ಕೊಳ್ಳಲು ಬರುವ ಕಲಾವಿದರ ಹತ್ತಿರ ಕಾಸು ಇರುತ್ತಿರಲಿಲ್ಲ. ಕಾಸಿನ ಬದಲು ಚಿತ್ರ ಕೊಡುತ್ತಿದ್ದರು. ಅಂಗಡಿಯಲ್ಲಿ ಚಿತ್ರಗಳು ಸೇರಿದವು. ಅವುಗಳನ್ನು ಬಾಡಿಗೆಗೆ ಕೊಟ್ಟರು, ಮಾರಿದರು. ನಿಧಾನವಾಗಿ ಕಾಗದ ಹಿಂದೆ ಸರಿದು ಚಿತ್ರವೇ ಮುಖ್ಯ ಮಾಲಾಯಿತು.

ಮಗ ಪೌಲ್ ಡ್ಯುರಾಂ-ರುಯೆಲ್ ಹುಟ್ಟಿದ್ದು 1831ರಲ್ಲಿ. 1865ರಲ್ಲಿ ಅಪ್ಪ ತೀರಿಕೊಂಡಾಗ ವ್ಯಾಪಾರ ಅವರ ಕೈಗೆ ಬಂತು. 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾ ನಡುವೆ ಯುದ್ಧ. ಪೌಲ್ ಚಿತ್ರಗಳನ್ನೆಲ್ಲ ಕಟ್ಟಿಕೊಂಡು ಲಂಡನ್ನಿಗೆ ಹೋದರು. ಅಲ್ಲಿ, ತಮ್ಮ ಹಾಗೆಯೇ ಊರು ಬಿಟ್ಟು ಬಂದಿದ್ದ ಇಬ್ಬರು ಕಲಾವಿದರ ಪರಿಚಯವಾಯಿತು. ಒಬ್ಬರು ಕ್ಲೋದ್ ಮೊನೆ, ಇನ್ನೊಬ್ಬರು ಕಮೀಲ್ ಪಿಸಾರೊ. ಇವರ ಚಿತ್ರಗಳಲ್ಲಿ ಗೆರೆ ಸ್ಪಷ್ಟವಿಲ್ಲ, ಬಣ್ಣ ಮೆತ್ತಿದಂತಿದೆ, ಅರ್ಧಕ್ಕೆ ಬಿಟ್ಟ ಹಾಗಿದೆ ಎಂದು ಆಗಿನವರು ಮೂಗು ಮುರಿಯುತ್ತಿದ್ದರು. ಇಂಥ ಕಲಾವಿದರಿಗೆ ಇಂಪ್ರೆಷನಿಸ್ಟ್ ಎಂಬ ಹೆಸರೂ ಮುಂದೆ ಗೇಲಿಯಾಗಿಯೇ ಬಂತು. ಪೌಲ್ ಕೊಳ್ಳತೊಡಗಿದರು.

ಕೊಂಡ ರೀತಿ ಮಾತ್ರ ಸಗಟು ವ್ಯಾಪಾರಿಯದು. 1872ರಲ್ಲಿ ಎದುವಾರ್ ಮಾನೆ ಎಂಬ ಕಲಾವಿದರ 23 ಚಿತ್ರಗಳನ್ನು ಒಂದೇ ಬಾರಿಗೆ ಕೊಂಡರು. ಬೆಲೆ 35,000 ಫ್ರಾಂಕ್. ತಮ್ಮ ಕಲಾವಿದರ ಚಿತ್ರ ಎಲ್ಲಾದರೂ ಹರಾಜಿಗೆ ಬಂದರೆ ತಾವೇ ಕೂಗಿ ಬೆಲೆ ಬೀಳದಂತೆ ನೋಡಿಕೊಂಡರು. ಚಿತ್ರಕಾರರಿಗೆ ತಿಂಗಳ ಖರ್ಚು ಕೊಟ್ಟರು, ಬಾಡಿಗೆ ಕಟ್ಟಿದರು. ಒಬ್ಬೊಬ್ಬರದೇ ಪ್ರದರ್ಶನ ಇಟ್ಟರು. ಗುಂಪಿನಲ್ಲಿ ಕಳೆದುಹೋಗದೆ ಒಬ್ಬರ ಕೆಲಸ ಒಟ್ಟಿಗೆ ಕಾಣಲಿ ಎಂಬ ಯೋಚನೆ ಆಗ ಹೊಸದು. ತಾವು ವಾಸವಿದ್ದ ಮನೆಯ ಬಾಗಿಲನ್ನೂ ವಾರಕ್ಕೊಮ್ಮೆ ಜನರಿಗೆ ತೆರೆದರು. ಇಂಥ ಚಿತ್ರ ಮನೆಯ ಗೋಡೆಯ ಮೇಲೆ ಹೇಗೆ ಕಾಣುತ್ತದೆ ಎಂದು ಜನ ಬಂದು ನೋಡಲಿ ಅಂತ.

ಇಷ್ಟಕ್ಕೆಲ್ಲ ಹಣ ಎಲ್ಲಿಂದ? ಬಹುಪಾಲು ಸಾಲ. 1882ರಲ್ಲಿ ಅವರಿಗೆ ಬೆನ್ನೆಲುಬಾಗಿದ್ದ ಯೂನಿಯನ್ ಜೆನೆರಾಲ್ ಎಂಬ ಬ್ಯಾಂಕು ಮುಳುಗಿತು. ಪೌಲ್ ಕೂಡ ಮುಳುಗುವ ಹಂತಕ್ಕೆ ಬಂದರು. ಹೆಂಡತಿ 1871ರಲ್ಲೇ ತೀರಿಕೊಂಡಿದ್ದರು. ಐದು ಮಕ್ಕಳು. ಗೋದಾಮಿನ ತುಂಬ ಯಾರಿಗೂ ಬೇಡವಾದ ಚಿತ್ರಗಳು.

ಕೈ ಹಿಡಿದದ್ದು ಅಮೆರಿಕ. 1886ರಲ್ಲಿ ಸುಮಾರು 300 ಚಿತ್ರಗಳನ್ನು ಹಡಗಿಗೆ ಹಾಕಿ ನ್ಯೂಯಾರ್ಕ್‌ಗೆ ಒಯ್ದರು. ಅಲ್ಲಿನ ಹೊಸ ಶ್ರೀಮಂತರು ಗೇಲಿ ಮಾಡಲಿಲ್ಲ, ಕೊಂಡರು. ಮುಂದೆ ಅಲ್ಲೊಂದು ಶಾಖೆ ತೆರೆದು ಅದನ್ನು ಗಂಡುಮಕ್ಕಳು ನೋಡಿಕೊಂಡರು. ಪೌಲ್ 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕೈಯಿಂದ ಹಾದುಹೋದ ಚಿತ್ರಗಳು ಹತ್ತಿರ ಹತ್ತಿರ 12,000. ಅದರಲ್ಲಿ ಮೊನೆ ಬರೆದವೇ ಸಾವಿರಕ್ಕಿಂತ ಜಾಸ್ತಿ, ಇನ್ನೊಬ್ಬ ಇಂಪ್ರೆಷನಿಸ್ಟ್ ರೆನ್ವಾರ್ ಅವರವು ಸುಮಾರು 1,500.

ಈ ಲೆಕ್ಕವನ್ನು ಒಮ್ಮೆ ನಿಧಾನವಾಗಿ ನೋಡಿ. ಲಂಡನ್ನಿನಲ್ಲಿ ಮೊನೆಯ ಭೇಟಿಯಿಂದ ಅಮೆರಿಕದ ಗೆಲುವಿನವರೆಗೆ ಹದಿನೈದು ವರ್ಷ. ಅಷ್ಟು ಕಾಲ ಹಾಕಿದ ಬಂಡವಾಳ ವಾಪಸ್ ಬರದಿದ್ದರೆ ಯಾವ ಪಾಲುದಾರ ಸುಮ್ಮನಿರುತ್ತಾನೆ? ಮನೆಯವರು ಮಾತ್ರ ಇರಬಲ್ಲರು. ಗ್ಯಾಲರಿಗಳು ಮನೆತನದ ವ್ಯಾಪಾರವಾಗಿ ಬೆಳೆಯಲು ನನಗೆ ಕಾಣುವ ಮುಖ್ಯ ಕಾರಣ ಇದೇ. ಇಲ್ಲಿ ಬೇಕಾದ ದೊಡ್ಡ ಬಂಡವಾಳ ಕಾಯುವ ಶಕ್ತಿ.

ಮುಂಬೈಯ ಚೌಕಟ್ಟಿನಂಗಡಿ

ನಮ್ಮಲ್ಲೂ ಕಥೆ ಶುರುವಾಗುವುದು ಅಂಗಡಿಯಿಂದಲೇ. ದೆಹಲಿಯ ಧೂಮಿಮಲ್ ಗ್ಯಾಲರಿಯವರ ಮೂಲ ಕಾಗದ, ಲೇಖನ ಸಾಮಗ್ರಿಯ ವ್ಯಾಪಾರ. 1936ರಲ್ಲಿ ಕನಾಟ್ ಪ್ಲೇಸ್‌ನಲ್ಲಿ ಅವರ ಗ್ಯಾಲರಿ ಶುರುವಾಯಿತು. ಮುಂಬೈಯ ಕೆಮೋಲ್ಡ್ ಕಟ್ಟು ಹಾಕುವ ಅಂಗಡಿ.

ನಮ್ಮ ಊರುಗಳಲ್ಲಿ ದೇವರ ಪಟಕ್ಕೆ, ಮದುವೆ ಫೋಟೋಗೆ ಕಟ್ಟು ಹಾಕಿಸಲು ಹೋಗುತ್ತೇವಲ್ಲ, ಅಂಥ ಕೆಲಸವೇ. ಕೆಕೂ ಗಾಂಧಿ ಎಂಬ ಪಾರ್ಸಿ ಯುವಕ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದರು. 1939ರಲ್ಲಿ ರಜೆಗೆ ಮುಂಬೈಗೆ ಬಂದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರು. ವಾಪಸ್ ಹೋಗಲಾಗಲಿಲ್ಲ. ರೋಜರ್ ವಾನ್ ಡಾಮ್ ಎಂಬ ಬೆಲ್ಜಿಯಂನವರ ಪರಿಚಯವಾಗಿ, 1941ರಲ್ಲಿ ಚಿತ್ರದ ಚೌಕಟ್ಟು ತಯಾರಿಸುವ ಉದ್ಯಮ ಶುರುವಾಯಿತು. ಕೆಮಿಕಲ್ ಮೋಲ್ಡಿಂಗ್ ಎಂಬ ಎರಡು ಪದ ಸೇರಿ ಕೆಮೋಲ್ಡ್ ಆಯಿತು. ಹೆಸರಿನಲ್ಲಿ ಕಲೆಯ ಸುಳಿವೇ ಇಲ್ಲ.

ಆದರೆ ಕಟ್ಟು ಬೇಕಾದವರು ಯಾರು? ಚಿತ್ರ ಬರೆಯುವವರು. ಆ ಕಾಲದ ಮುಂಬೈಯಲ್ಲಿ ಹೊಸ ಬಗೆಯಲ್ಲಿ ಬರೆಯುವ ಹುಡುಗರಿದ್ದರು. 1947ರಲ್ಲಿ ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಸೇರಿ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಕಟ್ಟಿದರು. ಹುಸೇನ್ ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವರು. ಆರಾ ಚಿಕ್ಕಂದಿನಲ್ಲಿ ಕಾರು ತೊಳೆದು ಬದುಕಿದವರು. ಇವರಿಗೆ ಗ್ಯಾಲರಿ ಎಲ್ಲಿಂದ ಬರಬೇಕು? ಕೆಕೂ ತಮ್ಮ ಪ್ರಿನ್ಸೆಸ್ ಸ್ಟ್ರೀಟ್ ಅಂಗಡಿಯಲ್ಲಿ ಖಾಲಿ ಚೌಕಟ್ಟು ತೋರಿಸುವ ಬದಲು ಇಂಥವರ ಚಿತ್ರಗಳನ್ನು ಚೌಕಟ್ಟಿಗೆ ಹಾಕಿ ಇಟ್ಟರು. ಚೌಕಟ್ಟೂ ಕಂಡಿತು, ಚಿತ್ರವೂ ಕಂಡಿತು.

ಹೀಗೆ ಅಲ್ಲಿ ಯಾರ ಚಿತ್ರಗಳು ಕಂಡವೋ ಅವರಲ್ಲಿ ನಮ್ಮವರೊಬ್ಬರಿದ್ದಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರ್. ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಪಾಠ ಮಾಡಿದವರು. ಅವರ ಪಾತ್ರ ಇಷ್ಟಕ್ಕೇ ನಿಲ್ಲುವುದಿಲ್ಲ. ಕಲಾವಿದರಿಗೆ ಪ್ರದರ್ಶನಕ್ಕೊಂದು ಜಾಗ ಬೇಕೆಂದು ಹೆಬ್ಬಾರ್ ಮತ್ತು ವಿಜ್ಞಾನಿ ಹೋಮಿ ಭಾಭಾ ಒತ್ತಾಯಿಸಿದ್ದರಿಂದಲೇ ಸರ್ ಕಾವಸ್‌ಜಿ ಜಹಾಂಗೀರ್ ಹಣ ಕೊಟ್ಟು, 1952ರಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿ ತಲೆ ಎತ್ತಿತು. ಗ್ಯಾಲರಿ ಎಂಬ ಹೆಸರಿದ್ದರೂ ಅದು ಬಾಡಿಗೆಗೆ ಸಿಗುವ ಸಭಾಂಗಣದ ಹಾಗೆ. ಕಲಾವಿದರು ಕೆಲವು ದಿನಗಳಿಗೆ ಜಾಗ ಪಡೆದು ತಮ್ಮ ಚಿತ್ರ ತೋರಿಸುತ್ತಾರೆ. ಮದುವೆ ಛತ್ರ ಸಿಕ್ಕಂತೆ. ವರ್ಷಪೂರ್ತಿ ಬೆನ್ನಿಗೆ ನಿಲ್ಲುವವರು ಇನ್ನೂ ಬೇಕಿತ್ತು.

ಕೊಳ್ಳುವವರೂ ಆಗ ಬೆರಳೆಣಿಕೆ. ಹಿಟ್ಲರನ ಕಾಟದಿಂದ ಯೂರೋಪ್ ಬಿಟ್ಟು ಮುಂಬೈಗೆ ಬಂದಿದ್ದ ಕೆಲವರು ಈ ಹುಡುಗರ ಕೈ ಹಿಡಿದರು. ವಾಲ್ಟರ್ ಲಾಂಗ್‌ಹ್ಯಾಮರ್ ಪತ್ರಿಕೆಯೊಂದರ ಕಲಾ ನಿರ್ದೇಶಕರು. ರೂಡಾಲ್ಫ್ ವಾನ್ ಲೇಡನ್ ಕಲಾ ವಿಮರ್ಶೆ ಬರೆಯುತ್ತಿದ್ದರು. ಇಮ್ಯಾನುವೆಲ್ ಶ್ಲೆಸಿಂಜರ್ ಕೊಳ್ಳುತ್ತಿದ್ದರು. ಒಬ್ಬರು ತಿದ್ದಿದರು, ಒಬ್ಬರು ಬರೆದರು, ಒಬ್ಬರು ಕೊಂಡರು. ಚೌಕಟ್ಟಿನವರು ಚಿತ್ರವನ್ನು ಕಣ್ಣಿಗೆ ಬೀಳುವ ಹಾಗೆ ಇಟ್ಟರು. ಒಂದು ಮಾರುಕಟ್ಟೆ ಹುಟ್ಟಲು ಇಷ್ಟೂ ಜನ ಬೇಕಾದರು.

1963: ಮೊದಲ ಮಹಡಿಯ ಚಿಕ್ಕ ಜಾಗ

1963ರಲ್ಲಿ ಕೆಕೂ ಮತ್ತು ಅವರ ಪತ್ನಿ ಖೋರ್ಷೆದ್ ಗಾಂಧಿ ಜಹಾಂಗೀರ್ ಕಟ್ಟಡದ ಮೊದಲ ಮಹಡಿಯಲ್ಲೇ ಗ್ಯಾಲರಿ ಕೆಮೋಲ್ಡ್ ತೆರೆದರು. ಕೆಕೂ ಹೆಸರು ಜಾಸ್ತಿ ಕೇಳಿಬರುತ್ತದೆ. ಆದರೆ ಗ್ಯಾಲರಿಯ ದಿನದಿನದ ಕೆಲಸ ಖೋರ್ಷೆದ್ ಅವರದು. ಬೆನ್ನಿಗೆ ಚೌಕಟ್ಟಿನ ವ್ಯಾಪಾರ ಇತ್ತು. ಚಿತ್ರ ಮಾರಾಟವಾಗದ ತಿಂಗಳಲ್ಲೂ ಕಟ್ಟು ಹಾಕಿಸುವವರು ಬರುತ್ತಾರೆ. ತೋಟದವರು ಅಡಿಕೆಯ ನಡುವೆ ಬಾಳೆ ಹಾಕುವ ಹಾಗೆ, ದೊಡ್ಡ ಫಸಲು ಬರುವ ತನಕ ಚಿಕ್ಕ ಫಸಲು ಮನೆ ನಡೆಸಬೇಕು.

ಈ ಗ್ಯಾಲರಿ ನಗರದ ಕಲಾವಿದರಿಗಷ್ಟೇ ಮೀಸಲಾಗಲಿಲ್ಲ. ಮಹಾರಾಷ್ಟ್ರದ ವಾರ್ಲಿ ಬುಡಕಟ್ಟಿನ ಜಿವ್ಯಾ ಸೋಮ ಮಾಶೆ ಅವರ ಚಿತ್ರಗಳು 1975ರಲ್ಲಿ ಇಲ್ಲಿ ಪ್ರದರ್ಶನಗೊಂಡವು. ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುತ್ತಿದ್ದ ಕಲೆ ನಗರದ ಗ್ಯಾಲರಿಯ ಗೋಡೆಗೆ ಬಂತು. ಇವತ್ತು ನಮ್ಮ ಸೀರೆ, ಚಹಾ ಕಪ್ಪು, ಬಸ್ ನಿಲ್ದಾಣಗಳ ಮೇಲೆಲ್ಲ ಕಾಣುವ ಆ ತ್ರಿಕೋನದ ಮನುಷ್ಯರು ಹೊರಗಿನ ಜನಕ್ಕೆ ಪರಿಚಯವಾಗಲು ಇಂಥ ಪ್ರದರ್ಶನಗಳೂ ಕಾರಣ.

ಮಗಳು ಬಂದಾಗ ಏನು ಬದಲಾಯಿತು

ಮನೆತನದ ಗ್ಯಾಲರಿಗೆ ದೊಡ್ಡ ಪರೀಕ್ಷೆ ಎದುರಾಗುವುದು ಎರಡನೇ ತಲೆಮಾರಿನಲ್ಲಿ. ಯಾಕೆಂದರೆ ಇಲ್ಲಿ ಆಸ್ತಿ ಎರಡು ಬಗೆಯದು. ಒಂದು, ಗೋದಾಮಿನಲ್ಲಿರುವ ಹಳೇ ಚಿತ್ರಗಳು. ಇನ್ನೊಂದು, ಕಣ್ಣು. ಮುಂದೆ ಯಾರು ಬೆಳೆಯುತ್ತಾರೆ ಎಂದು ಗುರುತಿಸುವ ಕಣ್ಣು. ಮೊದಲನೆಯದನ್ನು ವಿಲ್ ಬರೆದು ಕೊಡಬಹುದು. ಎರಡನೆಯದಕ್ಕೆ ವಿಲ್ ಇಲ್ಲ.

ಡ್ಯುರಾಂ-ರುಯೆಲ್ ಮಕ್ಕಳು ಅಪ್ಪ ಗೆದ್ದ ಕಲಾವಿದರನ್ನೇ ಮುಖ್ಯವಾಗಿ ನೆಚ್ಚಿಕೊಂಡರು. ಪಿಕಾಸೊ ಕಾಲದ ಹೊಸಬರನ್ನು ಹಿಡಿದದ್ದು ಬೇರೆ ವ್ಯಾಪಾರಿಗಳು. ಹಳೇ ಚಿತ್ರಗಳ ಬೆಲೆ ಏರುತ್ತಲೇ ಇತ್ತು. ಆದರೆ ಒಂದೊಂದು ಮಾರಿದ ಹಾಗೂ ದಾಸ್ತಾನು ಕರಗುತ್ತದೆ. ನ್ಯೂಯಾರ್ಕ್ ಶಾಖೆ 1950ರಲ್ಲಿ ಮುಚ್ಚಿತು, ಪ್ಯಾರಿಸ್ಸಿನದು 1974ರಲ್ಲಿ.

ಕೆಮೋಲ್ಡ್‌ನಲ್ಲಿ ಬೇರೆ ದಾರಿ. ಕೆಕೂ ಮತ್ತು ಖೋರ್ಷೆದ್ ಅವರ ಮಗಳು ಶಿರೀನ್ ಗಾಂಧಿ 1988ರಲ್ಲಿ ಗ್ಯಾಲರಿ ವಹಿಸಿಕೊಂಡರು. ಅಪ್ಪ ಅಮ್ಮನ ಕಾಲದ ದೊಡ್ಡ ಹೆಸರುಗಳನ್ನು ಮಾರುತ್ತ ಕೂರಲಿಲ್ಲ. ತಮ್ಮ ತಲೆಮಾರಿನವರ ಕಡೆ ತಿರುಗಿದರು. ಅತುಲ್ ದೋಡಿಯಾ, ಜಿತೀಶ್ ಕಲ್ಲತ್, ಶಿಲ್ಪಾ ಗುಪ್ತಾ ಮುಂತಾದವರು ಈ ಗ್ಯಾಲರಿಯ ಜೊತೆ ಬೆಳೆದರು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ, ಬೆಂಗಳೂರಿನ ಪುಷ್ಪಮಾಲಾ ಎನ್. ಅವರ ಕೆಲಸವೂ ಇಲ್ಲಿ ಪ್ರದರ್ಶನಗೊಂಡಿದೆ. ಇವರಲ್ಲಿ ಹಲವರದು ಗೋಡೆಗೆ ನೇತುಹಾಕುವ ಚಿತ್ರವೇ ಅಲ್ಲ. ದಾರ, ಸಗಣಿ, ಫೋಟೋ, ವಿಡಿಯೋ, ಕೋಣೆ ತುಂಬುವ ರಚನೆಗಳು. ಕಟ್ಟು ಹಾಕಲಾಗದ ಕಲೆಯನ್ನು ಕಟ್ಟಿನ ಅಂಗಡಿಯವರ ಮಗಳು ತೋರಿಸಿದರು. ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ತಿರುವು ಇದು.

ಅಂಥ ಕೆಲಸಕ್ಕೆ ಜಹಾಂಗೀರ್‌ನ ಚಿಕ್ಕ ಜಾಗ ಸಾಲುತ್ತಿರಲಿಲ್ಲ. 2007ರಲ್ಲಿ ಗ್ಯಾಲರಿ ಫೋರ್ಟ್ ಪ್ರದೇಶದ ಪ್ರೆಸ್ಕಾಟ್ ರಸ್ತೆಗೆ ಹೋಯಿತು. ಹೆಸರೂ ಕೆಮೋಲ್ಡ್ ಪ್ರೆಸ್ಕಾಟ್ ರೋಡ್ ಆಯಿತು. ಕೆಕೂ ಅವರಿಗೆ 2009ರಲ್ಲಿ ಪದ್ಮಶ್ರೀ ಬಂತು. 2012ರಲ್ಲಿ ಅವರು, ಮರುವರ್ಷ ಖೋರ್ಷೆದ್ ತೀರಿಕೊಂಡರು. 2022ರಲ್ಲಿ ಮುಂದಿನ ತಲೆಮಾರು ಕೊಲಾಬಾದಲ್ಲಿ ಕೆಮೋಲ್ಡ್ ಕೋಲ್ಯಾಬ್ ಎಂಬ ಇನ್ನೊಂದು ಜಾಗ ತೆರೆಯಿತು. ಅಲ್ಲಿ ಒತ್ತು ಹೊಸ ಕಲಾವಿದರಿಗೆ.

ಹರಾಜು ಜೋರಾದ ಮೇಲೆ

2002ರಲ್ಲಿ ತೈಯಬ್ ಮೆಹ್ತಾ ಅವರ ‘ಸೆಲೆಬ್ರೇಷನ್’ ಚಿತ್ರ ಕ್ರಿಸ್ಟೀಸ್‌ನಲ್ಲಿ ಸುಮಾರು ಒಂದೂವರೆ ಕೋಟಿ ರೂಪಾಯಿಗೆ ಹೋಯಿತು. ಆಗ ಅದು ದೊಡ್ಡ ಸುದ್ದಿ. ಆಮೇಲೆ ಚಿತ್ರವನ್ನು ಷೇರಿನ ಹಾಗೆ ಕೊಳ್ಳುವವರು ಬಂದರು. ಬೆಲೆ ಏರಿತು. 2008ರ ಹಣಕಾಸು ಕುಸಿತದಲ್ಲಿ ಬಿತ್ತು. ಮತ್ತೆ ಎದ್ದಿತು. ಕೆಮೋಲ್ಡ್ ಶುರುವಾದ 1963ರಲ್ಲೇ ಮುಂಬೈಯಲ್ಲಿ ಕಾಲಿ ಪಂಡೋಲ್ ತೆರೆದಿದ್ದ ಪಂಡೋಲ್ ಗ್ಯಾಲರಿಯನ್ನು ಅವರ ಮಗ 2011ರಲ್ಲಿ ಹರಾಜು ಸಂಸ್ಥೆಯನ್ನಾಗಿ ಬದಲಿಸಿದರು. ಒಂದೇ ವರ್ಷ ಹುಟ್ಟಿದ ಎರಡು ಮನೆತನದ ವ್ಯಾಪಾರಗಳು ಹೀಗೆ ಎರಡು ದಾರಿ ಹಿಡಿದವು.

ಹರಾಜಿನ ಲಾಭದಲ್ಲಿ ಕಲಾವಿದರಿಗೆ ಏನೂ ಇಲ್ಲವೇ? ನಮ್ಮ ಹಕ್ಕುಸ್ವಾಮ್ಯ ಕಾನೂನಿನ 53ಎ ಕಲಂ ಪ್ರಕಾರ, ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿ ಬೆಲೆಗೆ ಮರುಮಾರಾಟವಾದರೆ ಕಲಾವಿದರಿಗೆ ಅಥವಾ ವಾರಸುದಾರರಿಗೆ ಒಂದು ಪಾಲು ಕೇಳುವ ಹಕ್ಕಿದೆ. ಆ ಪಾಲು ಶೇ 10 ಮೀರುವಂತಿಲ್ಲ. ಆದರೆ ಈ ಹಕ್ಕು ಬಳಕೆಗೆ ಬರುವುದು ಅಪರೂಪ.

ಹರಾಜು ಸಂಸ್ಥೆಗೂ ಹಳೇ ಗ್ಯಾಲರಿಯ ಅವಶ್ಯಕತೆ ಬೀಳುವ ಒಂದು ವಿಷಯವಿದೆ. ಚಿತ್ರ ಅಸಲಿಯೋ ನಕಲಿಯೋ? ಸೈಟ್ ಕೊಳ್ಳುವಾಗ ನಾವು ಮೂಲ ಪತ್ರ ಕೇಳುತ್ತೇವೆ, ಇಸಿ ತೆಗೆಸುತ್ತೇವೆ. ಯಾರಿಂದ ಯಾರಿಗೆ ಬಂತು ಎಂದು ನೋಡುತ್ತೇವೆ. ಚಿತ್ರಕ್ಕೂ ಅದೇ. ಕಲಾವಿದರ ಕೈಯಿಂದ ಹೊರಟ ಮೇಲೆ ಯಾವ ವರ್ಷ ಎಲ್ಲಿ ಪ್ರದರ್ಶನವಾಯಿತು, ಯಾರು ಕೊಂಡರು ಎಂಬ ಸರಪಳಿ ಬೇಕು. ಆ ಸರಪಳಿಯ ಮೊದಲ ಕೊಂಡಿ ಗ್ಯಾಲರಿಯ ಖಾತೆ ಪುಸ್ತಕ, ರಸೀದಿ, ಹಳೇ ಆಮಂತ್ರಣ ಪತ್ರಿಕೆ. ಡ್ಯುರಾಂ-ರುಯೆಲ್ ಅಂಗಡಿ ಮುಚ್ಚಿ ಐವತ್ತು ವರ್ಷ ದಾಟಿದರೂ ವಂಶದವರು ಕಾಪಾಡಿದ ಖಾತೆ ಪುಸ್ತಕಗಳನ್ನು ವಿದ್ವಾಂಸರು ಇವತ್ತಿಗೂ ತಿರುವಿ ನೋಡುತ್ತಾರೆ.

ನಾವು ಒಳಗೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಇಂಥ ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ. ಏನೂ ಕೊಳ್ಳದೆ ಸುಮ್ನೆ ನೋಡಿ ಬರುವವರೇ ಹೆಚ್ಚು. ಗಾಜಿನ ಬಾಗಿಲು, ಬಿಳಿ ಗೋಡೆ, ಸದ್ದಿಲ್ಲದ ಕೋಣೆ ನೋಡಿ ಹಿಂಜರಿಕೆ ಆಗುವುದು ಸಹಜ.

ಬೆಲೆ ಎಷ್ಟೋ ಸಲ ಗೋಡೆಯ ಮೇಲೆ ಬರೆದಿರುವುದಿಲ್ಲ. ಮೇಜಿನ ಹತ್ತಿರ ಕೂತವರನ್ನು ಕೇಳಿದರೆ ಬೆಲೆಪಟ್ಟಿ ತೋರಿಸುತ್ತಾರೆ. ಚಿತ್ರದ ಪಕ್ಕ ಚಿಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟವಾಗಿದೆ ಎಂದರ್ಥ. ಬೆಲೆಯನ್ನು ಸಾಮಾನ್ಯವಾಗಿ ಕಲಾವಿದರ ಅನುಭವ, ಚಿತ್ರದ ಅಳತೆ, ಹಿಂದಿನ ಮಾರಾಟ ನೋಡಿ ಇಟ್ಟಿರುತ್ತಾರೆ. ಗ್ಯಾಲರಿಯವರು ಒಮ್ಮೆ ಏರಿಸಿದ ಬೆಲೆಯನ್ನು ಇಳಿಸಲು ಒಪ್ಪುವುದು ಕಷ್ಟ, ಯಾಕೆಂದರೆ ಮೊದಲು ಕೊಂಡವರ ನಂಬಿಕೆ ಕೆಡುತ್ತದೆ. ಅದಕ್ಕೇ ಹೊಸಬರ ಬೆಲೆ ಕಡಿಮೆಯಿಂದ ಶುರುವಾಗಿ ಮೆಲ್ಲಗೆ ಏರುತ್ತದೆ. ಕೊಂಡರೆ ಬಿಲ್ಲು ಮತ್ತು ಚಿತ್ರ ಅಸಲಿ ಎಂಬ ಪ್ರಮಾಣಪತ್ರ ಎರಡನ್ನೂ ಕೇಳಿ ತೆಗೆದುಕೊಂಡು, ಮನೆಯ ಪತ್ರಗಳ ಜೊತೆ ಜೋಪಾನವಾಗಿ ಇಡಿ.